ತಕ್ಕಡಿಗೆ ಮೊದಲು ಕಲ್ಲು

ಮದರಾಸಿನಿಂದ ಬಂದ ಕಾಗದವನ್ನು ಮಹಾಲಿಂಗ ಭಟ್ಟ ಮೂರು ಸಲ ಓದಿದ. ಮೊದಲ ಸಲ ನಿಂತುಕೊಂಡು, ಎರಡನೆಯ ಸಲ ಕುಳಿತು, ಮೂರನೆಯ ಸಲ ಬಾಗಿಲು ಹಾಕಿಕೊಂಡು. ಪುತ್ತೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ, ಜವಳಿ ಅಂಗಡಿಯ ಮಾಳಿಗೆಯಲ್ಲಿದ್ದ ಕೋಣೆ ಅದು. ಬಾಗಿಲು ತೆರೆದರೆ ಧೂಳು, ಹಾಕಿದರೆ ಸೆಕೆ. ಆ ಕಾಗದದ ಮಟ್ಟಿಗೆ ಸೆಕೆಯೇ ಮೇಲು ಎನಿಸಿತು.

ಅದು ಅರವತ್ತನಾಲ್ಕನೆಯ ಇಸವಿಯ ಜನವರಿ. ಹೊರದೇಶದ ಒಂದು ವಿಶ್ವವಿದ್ಯಾಲಯ ಐದು ದೇಶಗಳ ಜನರಿಗೆ ಒಂದೇ ಪ್ರಶ್ನೆಗಳನ್ನು ಕೇಳಿ, ಯಾವ ದೇಶದವರು ತಮ್ಮ ಬಾಳಿನಲ್ಲಿ ಎಷ್ಟು ನೆಮ್ಮದಿಯಿಂದ ಇದ್ದಾರೆಂದು ಹೋಲಿಸಲು ಹೊರಟಿತ್ತು. ಈ ಕಡೆಯ ಉಸ್ತುವಾರಿ ಮದರಾಸಿನ ಒಂದು ಕಚೇರಿಯದು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಕೆಲಸ ಹುಡುಕುತ್ತಿದ್ದ ಮಹಾಲಿಂಗನನ್ನು ಅವರು ಪುತ್ತೂರು ತಾಲೂಕಿಗೆ ಮೇಲ್ವಿಚಾರಕನನ್ನಾಗಿ ಮಾಡಿದ್ದರು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದವನೂ ಅವನೇ.

ಪ್ರಶ್ನೆಗಳು ಹಲವಿದ್ದರೂ ಮುಖ್ಯವಾದದ್ದು ಒಂದೇ. ಒಂದು ರಟ್ಟಿನ ಮೇಲೆ ಹತ್ತು ಮೆಟ್ಟಿಲಿನ ಏಣಿಯ ಚಿತ್ರ. ಅದನ್ನು ತೋರಿಸಿ, 'ಈ ಏಣಿ ನಿಮ್ಮ ಬದುಕು ಎಂದುಕೊಳ್ಳಿ, ಈಗ ನೀವು ಯಾವ ಮೆಟ್ಟಿಲಲ್ಲಿ ಇದ್ದೀರಿ' ಎಂದು ಕೇಳಬೇಕು. ಹೇಳಿದ ಸಂಖ್ಯೆ ಬರೆದುಕೊಳ್ಳಬೇಕು. ಮೂಲದಲ್ಲಿ ಇನ್ನೂ ಎರಡು ಸಾಲು ಇದ್ದವು: ತುದಿಯ ಮೆಟ್ಟಿಲೆಂದರೆ ನಿಮಗೆ ಸಿಗಬಹುದಾದ ಎಲ್ಲಕ್ಕಿಂತ ಒಳ್ಳೆಯ ಬದುಕು, ಅಡಿಯ ಮೆಟ್ಟಿಲೆಂದರೆ ಎಲ್ಲಕ್ಕಿಂತ ಕೆಟ್ಟ ಬದುಕು ಎಂದು. ಮಹಾಲಿಂಗ ಅವನ್ನೂ ಅನುವಾದಿಸಿದ್ದ. ಆದರೆ ಪುತ್ತೂರು ಪೇಟೆಯಲ್ಲಿ ಪರೀಕ್ಷೆಗೆಂದು ಕೇಳಿ ನೋಡಿದಾಗ ಒಬ್ಬ ವಕೀಲರು ನಕ್ಕುಬಿಟ್ಟಿದ್ದರು. ಏಣಿಯ ತುದಿ ಒಳ್ಳೆಯದು ಅಂತ ವಕೀಲನಿಗೆ ಹೇಳಿಕೊಡುವುದಾ ಭಟ್ರೇ ಎಂದಿದ್ದರು. ಅವನಿಗೂ ಹೌದೆನಿಸಿತು. ಆ ಎರಡು ಸಾಲು ತೆಗೆದ ಮೇಲೆ ಪ್ರಶ್ನೆ ಹದವಾಗಿ ಕೂತಿತೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಕಡಬ, ರಾಮಕುಂಜ, ಕೊಯಿಲದ ಕಡೆ ಮನೆಮನೆಗೆ ಹೋದವನು ಶ್ಯಾಮ ಎಂಬ ಹುಡುಗ. ಅವನ ಹಾಳೆಗಳು ನೋಡಲಿಕ್ಕೆ ಚಂದ. ಒಂದು ಗೀಚಿಲ್ಲ, ಒಂದು ಖಾಲಿ ಇಲ್ಲ. ಯಾರಾದರೂ ಉತ್ತರಿಸಲು ತಡವರಿಸಿದರೆ, ನಿಮಗೆ ಎರಡೆಕರೆ ಉಂಟಲ್ಲ, ನಾಲ್ಕು ಅಂತ ಬರೆಯಲಾ ಎಂದು ಅವನೇ ಕೇಳಿ ಬರೆದುಕೊಳ್ಳುತ್ತಿದ್ದನಂತೆ. ಮದರಾಸಿನವರಿಗೆ ಆ ಹಾಳೆಗಳ ಬಗ್ಗೆ ಯಾವ ಅನುಮಾನವೂ ಬರಲಿಲ್ಲ.

ಅನುಮಾನ ಬಂದದ್ದು ಜಾಲ್ಸೂರು, ಸುಳ್ಯದ ಕಡೆಯ ಇನ್ನೂರು ಹಾಳೆಗಳ ಬಗ್ಗೆ. ಬೇರೆ ನಾಲ್ಕು ದೇಶಗಳಲ್ಲಿ, ಪುತ್ತೂರು ಪೇಟೆಯಲ್ಲಿ, ಕಡಬದಲ್ಲಿ ಉಳ್ಳವರು ಏಣಿಯ ಮೇಲೆ, ಇಲ್ಲದವರು ಕೆಳಗೆ. ಇಲ್ಲಿ ಲೋಕವೇ ತಲೆಕೆಳಗು. ತೋಟದ ಯಜಮಾನರು ಎರಡನೆಯ ಮೆಟ್ಟಿಲಲ್ಲಿ, ಅವರಲ್ಲಿ ಕೂಲಿಗೆ ಹೋಗುವವರು ಎಂಟರಲ್ಲಿ, ಒಂಬತ್ತರಲ್ಲಿ. ಕೆಲವು ಕಡೆ ಸಂಖ್ಯೆಯೇ ಇಲ್ಲ. ಈ ಹಾಳೆಗಳನ್ನು ಮನೆಯಲ್ಲಿ ಕೂತು ಮನಸ್ಸಿಗೆ ಬಂದಂತೆ ತುಂಬಿಸಿದ್ದಾರೆ ಎಂದು ಕಾಗದ ಹೇಳುತ್ತಿತ್ತು. ಮೇಲ್ವಿಚಾರಕರು ಸಮೀಕ್ಷಕಿಗೆ ತಿಳಿಸದೆ ಕೆಲವು ಮನೆಗಳಿಗೆ ಹೋಗಿ ಪರೀಕ್ಷಿಸಬೇಕು. ಮೋಸ ಎಂದು ಕಂಡರೆ ಇನ್ನೂರನ್ನೂ ಬಿಟ್ಟುಬಿಡುವುದು, ಅವಳನ್ನು ತೆಗೆಯುವುದು, ಮುಂದೆ ಯಾವ ಶಾಲೆಯವರು ವಿಚಾರಿಸಿದರೂ ಇದ್ದದ್ದನ್ನು ಇದ್ದ ಹಾಗೆ ತಿಳಿಸುವುದು. ಪರೀಕ್ಷೆಗೆಂದು ಆ ಇನ್ನೂರು ಹಾಳೆಗಳೂ ಕಾಗದದ ಜೊತೆಗೇ ಹಿಂದೆ ಬಂದಿದ್ದವು.

ಆ ಸಮೀಕ್ಷಕಿ ಪ್ರೇಮಾವತಿ. ಜಾಲ್ಸೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ಮಂಗಳೂರಿನಲ್ಲಿ ಶಿಕ್ಷಕಿಯ ತರಬೇತಿ ಪಡೆದು, ಒಂದು ವರ್ಷ ಯಾರದೋ ರಜೆಯ ಜಾಗದಲ್ಲಿ ಪಾಠ ಮಾಡಿ, ಈಗ ಕಾಯಂ ಕೆಲಸಕ್ಕೆ ಕಾಯುತ್ತಿದ್ದಳು. ಬರುವ ಜೂನಿಗೆ ಹತ್ತಿರದ ಶಾಲೆಯೊಂದರಲ್ಲಿ ಜಾಗ ಆಗುವುದಿತ್ತು. ಮಾತು ಕಡಿಮೆ. ಅವಳ ಹಾಳೆಗಳ ಬಗ್ಗೆ ಮಹಾಲಿಂಗನಿಗೆ ಮೊದಲಿನಿಂದ ಇದ್ದ ತಕರಾರು ಒಂದೇ: ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಗೀಚುತ್ತಾಳೆ. ಅದನ್ನು ಅವನು ಓದಿರಲಿಲ್ಲ. ಹಿಂಬದಿ ಖಾಲಿ ಇರಲಿ ಎಂದು ಒಮ್ಮೆ ಹೇಳಿಯೂ ಇದ್ದ.

ಗುಟ್ಟಾಗಿ ಹೋಗಬೇಕೆಂದು ಅವನು ಯಾರಿಗೂ ಹೇಳದೆ ಹೊರಟ. ಆದರೆ ಹಿಂದಿನ ಸಂಜೆ ಜಾಲ್ಸೂರಿನ ದೇರಣ್ಣ ಗೌಡರ ಮನೆಗೆ ಎಲ್ಲಿ ಇಳಿಯಬೇಕು ಎಂದು ಕಂಡಕ್ಟರನನ್ನು ವಿಚಾರಿಸಿದ್ದ. ಅಷ್ಟು ಸಾಕಾಯಿತು. ಬೆಳಗ್ಗೆ ಬಸ್ಸಿನಿಂದ ಇಳಿದರೆ ಎದುರಿಗೆ ಪ್ರೇಮಾವತಿ ಕೊಡೆ ಹಿಡಿದು ನಿಂತಿದ್ದಳು.

"ಭಟ್ರು ಬರ್ತಾರೆ ಅಂತ ರಾತ್ರಿಯ ಬಸ್ಸಿನವರು ಹೇಳಿದ್ರು," ಎಂದಳು. "ನನಗೆ ಮಾತ್ರ ನೀವು ಹೇಳ್ಲಿಲ್ಲ."

ಸುಳ್ಳು ಹೇಳಲು ಅವನಿಗೆ ಬರಲಿಲ್ಲ. ಕಿಸೆಯಿಂದ ಕಾಗದ ತೆಗೆದು ಕೊಟ್ಟ. ಅವಳಿಗೆ ಇಂಗ್ಲಿಷು ನಿಧಾನವಾಗಿ ಓದಲು ಬರುತ್ತಿತ್ತು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಕೊನೆಯವರೆಗೆ ಓದಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊಡೆ ಮಾತ್ರ ಒಂದು ಕಡೆಗೆ ವಾಲಿತು.

"ನೀವು ನಂಬಿದ್ರಾ?"

"ನೋಡ್ಲಿಕ್ಕೆ ಬಂದದ್ದು, ಟೀಚರೇ."

ಅವಳು ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಚಿ ಹಿಂದೆ ಕೊಟ್ಟಳು. "ಹಾಗಾದ್ರೆ ನಾನು ಬರುದಿಲ್ಲ. ನಾನು ಇದ್ರೆ ಹೇಳಿಕೊಟ್ಟದ್ದು ಅಂತ ಆಗ್ತದೆ. ನೀವೇ ಕೇಳಿ. ದೇರಣ್ಣ ಗೌಡರ ಮನೆಗೆ ಈ ಕಾಲುಸಂಕ ದಾಟಿ ಬಲಕ್ಕೆ ಹೋಗುದು. ನಾಯಿ ಬೊಗಳ್ತದೆ, ಕಚ್ಚುದಿಲ್ಲ."

ಅಷ್ಟು ಹೇಳಿ ಮನೆಯ ದಾರಿ ಹಿಡಿದಳು. ತನ್ನ ಅನ್ನಕ್ಕೂ ಹೆಸರಿಗೂ ಕುತ್ತು ಬಂದ ಹೊತ್ತಿನಲ್ಲಿ ನಾಯಿಯ ಬಗ್ಗೆ ಎಚ್ಚರಿಸಿ ಹೋದವಳನ್ನು ಮಹಾಲಿಂಗ ಸ್ವಲ್ಪ ಹೊತ್ತು ನೋಡುತ್ತ ನಿಂತ.

ದೇರಣ್ಣ ಗೌಡರಿಗೆ ಐವತ್ತೈದು ದಾಟಿತ್ತು. ಅಂಗಳದ ತುಂಬ ಒಳ್ಳೆಮೆಣಸಿನ ಕಪ್ಪು ಕಾಳು ಒಣಹಾಕಿದ್ದರು. ಬಂದವರು ಭಟ್ಟರು ಎಂದು ಗೊತ್ತಾದ ಕೂಡಲೇ ಒಳಗಿನಿಂದ ಚಾಪೆ ಬಂತು, ಬೆಲ್ಲ ಮತ್ತು ನೀರು ಬಂತು, ಒಂದು ಎಳನೀರನ್ನೂ ಕೆತ್ತಿ ಇಟ್ಟರು. ಮಹಾಲಿಂಗ ಏಣಿಯ ಚಿತ್ರ ತೆಗೆದು ಕೇಳಿದ. ಗೌಡರು ಚಿತ್ರವನ್ನು ದೂರ ಹಿಡಿದು ನೋಡಿ, ಎರಡನೆಯ ಮೆಟ್ಟಿಲ ಮೇಲೆ ಬೆರಳಿಟ್ಟರು. ಪ್ರೇಮಾವತಿಯ ಹಾಳೆಯಲ್ಲಿ ಇದ್ದದ್ದೂ ಎರಡೇ.

ಅಂಗಳದಲ್ಲಿ ಮೆಣಸು ಕೆದಕುತ್ತಿದ್ದ ಶೀನಪ್ಪನನ್ನು ಕರೆದ. ಶೀನಪ್ಪ ಗೌಡರ ತೋಟದ ಆಳು. ಅವನ ಹಾಳೆಯೂ ಮಹಾಲಿಂಗನ ಚೀಲದಲ್ಲಿತ್ತು. ಅವನು ಕೈಯನ್ನು ಹೆಗಲ ಬಟ್ಟೆ ಬೈರಾಸಿಗೆ ಒರಸಿ, ಚಿತ್ರ ಮುಟ್ಟದೆ ದೂರದಿಂದಲೇ ತೋರಿಸಿದ. ಒಂಬತ್ತು. ಹಾಳೆಯಲ್ಲೂ ಒಂಬತ್ತು.

ಹಾಗಾದರೆ ಅವಳು ಕೇಳಿಯೇ ಬರೆದದ್ದು. ಮಹಾಲಿಂಗನಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಅದರ ಹಿಂದೆಯೇ ಇನ್ನೊಂದು ಹತ್ತಿತು. ಉತ್ತರ ಸರಿ ಎಂದರೆ ಅರ್ಥವೇನು? ಹತ್ತಾರು ಎಕರೆಯ ಯಜಮಾನ ತನ್ನ ಬದುಕು ಎರಡನೆಯ ಮೆಟ್ಟಿಲಲ್ಲಿದೆ ಎನ್ನುತ್ತಾನೆ. ಹೆಗಲಿನ ಬೈರಾಸೊಂದು ಬಿಟ್ಟರೆ ಬೇರೆ ಇಲ್ಲದ ಆಳು ಒಂಬತ್ತನೆಯದರಲ್ಲಿದ್ದೇನೆ ಎನ್ನುತ್ತಾನೆ. ಯಾಕೆ ಗೌಡ್ರೇ ಎಂದು ಕೇಳಿದ. ಆ ಪ್ರಶ್ನೆ ಗೌಡರಿಗೆ ಅರ್ಥವಾಗಲಿಲ್ಲ. ಮೆಣಸು ಕೊಯ್ಯುವ ಹೊತ್ತಾಯಿತು, ಬನ್ನಿ ಎಂದು ಮನೆಯ ಹಿಂದಿನ ಗುಡ್ಡೆಯ ಬದಿಗೆ ಕರೆದುಕೊಂಡು ಹೋದರು.

ಹಲಸಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿ ತುದಿಯವರೆಗೆ ಹೋಗಿತ್ತು. ಶೀನಪ್ಪ ಅದಕ್ಕೆ ಏಣಿ ಒರಗಿಸಿದ. ಒಂಟಿ ಬಿದಿರಿನ ಏಣಿ. ಗೆಣ್ಣುಗಳಲ್ಲಿ ಆಚೆಗೊಂದು ಈಚೆಗೊಂದು ಗೇಣುದ್ದದ ಕವಲು ಬಿಟ್ಟಿದ್ದರು, ಅವೇ ಮೆಟ್ಟಿಲು. ಹತ್ತುವವನ ಭಾರಕ್ಕೆ ಅದು ತಿರುಗುತ್ತದೆ. ಅದಕ್ಕಾಗಿ ಬುಡದಲ್ಲಿ ಒಬ್ಬರು ಹಿಡಿಯಲೇಬೇಕು. ಶೀನಪ್ಪ ಹೆಗಲಿಗೆ ಚೀಲ ಕಟ್ಟಿಕೊಂಡು ಹತ್ತಿದ. ದೇರಣ್ಣ ಗೌಡರು ಪಂಚೆ ಎತ್ತಿ ಕಟ್ಟಿ, ಬಿದಿರಿನ ಬುಡಕ್ಕೆ ಪಾದ ಒತ್ತಿ, ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಮನೆಯಲ್ಲಿ ಇನ್ನೂ ಜನ ಇದ್ದರು. ಆದರೆ ಏಣಿಯ ಬುಡವನ್ನು ಬೇರೆ ಯಾರ ಕೈಗೂ ಬಿಡುವ ಹಾಗೆ ಕಾಣಲಿಲ್ಲ.

ಮಹಾಲಿಂಗ ಮೇಲೆ ನೋಡಿದ, ಕೆಳಗೆ ನೋಡಿದ. ಕೈಯಲ್ಲಿದ್ದ ಚಿತ್ರ ನೋಡಿದ.

"ಗೌಡ್ರೇ, ನೀವು ಎರಡು ಅಂದದ್ದು ಇದಾ?"

"ಮತ್ತೆ ಎಂತ? ಹಗ್ಗ ಕಟ್ಟಲಿಕ್ಕೆ ಎರಡು ಗೆಣ್ಣು ಹತ್ತುದುಂಟು. ಅದಕ್ಕಿಂತ ಮೇಲೆ ನಾನು ಹೋಗುದಿಲ್ಲ. ತುದಿಯಲ್ಲಿ ಇದ್ದೇನೆ ಅಂತ ಹೇಳಿದ್ರೆ ಶೀನಪ್ಪ ನಗ್ಲಿಕ್ಕಿಲ್ವಾ?"

ಮೇಲಿನಿಂದ ಶೀನಪ್ಪ ನಕ್ಕದ್ದು ಕೇಳಿಸಿತು.

"ಆದ್ರೆ ಏಣಿಯಲ್ಲಿ ತುದಿ ಅಲ್ವಾ ಒಳ್ಳೇದು?"

ಗೌಡರು ಅವನ ಮುಖ ನೋಡಿದರು. ಓದಿದವರು ಹೀಗೂ ಕೇಳುತ್ತಾರಾ ಎಂಬ ಕನಿಕರ ಆ ನೋಟದಲ್ಲಿತ್ತು. "ತುದಿಯಲ್ಲಿ ಯಾರಾದ್ರೂ ಮನೆ ಕಟ್ತಾರಾ ಭಟ್ರೇ? ಏಣಿಯಲ್ಲಿ ಒಳ್ಳೇದು ಅಂದ್ರೆ ಇಳಿದು ಬರುದು. ಅವ ನೆಲ ಮುಟ್ಟುವವರೆಗೆ ನನಗೆ ಉಸಿರು ಸಮ ಇಲ್ಲ. ಅವನ ತಂದೆ ಬಿದ್ದದ್ದು ಇದೇ ಮರದಿಂದ."

ಮಹಾಲಿಂಗನಿಗೆ ತಾನು ತೆಗೆದುಹಾಕಿದ ಎರಡು ಸಾಲು ನೆನಪಾಯಿತು. ತುದಿ ಎಂದರೆ ಒಳ್ಳೆಯದು, ಅಡಿ ಎಂದರೆ ಕೆಟ್ಟದ್ದು. ಏಣಿ ಹತ್ತಿ ಗೊತ್ತಿಲ್ಲದ ವಕೀಲರನ್ನು ನಗಿಸಿದ ಸಾಲುಗಳು. ಇಲ್ಲಿ ಅವು ಬೇಕಿದ್ದವು. ಇಲ್ಲಿಯವರಿಗೆ ಏಣಿ ಎಂದರೆ ದಿನವೂ ಮುಟ್ಟುವ ಬಿದಿರು. ಹತ್ತುವವನ ಜೀವ ಒಂದು ಕಡೆ, ಹಿಡಿಯುವವನ ಜವಾಬ್ದಾರಿ ಇನ್ನೊಂದು ಕಡೆ. ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರಿಸಿದ್ದರು. ಪ್ರೇಮಾವತಿ ಸರಿಯಾಗಿಯೇ ಬರೆದಿದ್ದಳು. ತಪ್ಪಿದವನು ಪುತ್ತೂರಿನ ಮಾಳಿಗೆಯಲ್ಲಿ ಪೆನ್ನು ಹಿಡಿದು ಕೂತವನು.

ಅಷ್ಟರಲ್ಲಿ ಗೌಡರು ಅವನನ್ನು ಕೇಳಿದರು: "ಟೀಚರು ಕಡೆಗೆ ಇಬ್ಬರ ಕತೆ ಹೇಳಿ ಕೇಳಿದ್ರು. ನೀವು ಅದು ಕೇಳುದಿಲ್ವಾ?"

ಯಾರ ಕತೆ ಎಂದು ಮಹಾಲಿಂಗ ಕೇಳುವುದರೊಳಗೆ ಅಂಗಳದಲ್ಲಿ ನಾಯಿ ಬೊಗಳಿತು. ಮೆಣಸು ಕೊಳ್ಳುವ ಅಲಿ ಕುಂಞಿ ಬಂದಿದ್ದ. ಶೀನಪ್ಪ ಇಳಿದು ನೆಲ ಮುಟ್ಟಿದ ಮೇಲೆಯೇ ಗೌಡರು ಏಣಿ ಬಿಟ್ಟು ಅಂಗಳಕ್ಕೆ ನಡೆದರು.

ಅಲಿ ಕುಂಞಿ ಜಗಲಿಯ ತೊಲೆಗೆ ತಕ್ಕಡಿ ತೂಗುಹಾಕಿದ. ಹೊಸ ಕಿಲೋ ತೂಕದ ಬಟ್ಟುಗಳನ್ನು ಸಾಲಾಗಿ ಇಟ್ಟ. ಒಣಗಿದ ಮೆಣಸು ಚೀಲದಲ್ಲಿ ಪಕ್ಕಕ್ಕೇ ಇತ್ತು. ಅದನ್ನು ಅವನು ಮುಟ್ಟಲಿಲ್ಲ. ಒಳಗೆ ಮುಖ ಮಾಡಿ, "ಅಕ್ಕ, ಕಲ್ಲು ತನ್ನಿ," ಎಂದ.

ಗೌಡರ ಹೆಂಡತಿ ದೇವರ ಕೋಣೆಯ ಪಕ್ಕದಿಂದ ಒಂದು ಹೊಳೆಗಲ್ಲು ತಂದಳು. ಮುಷ್ಟಿಗಿಂತ ದೊಡ್ಡದು, ಕೈ ತಾಗಿ ತಾಗಿ ನುಣುಪಾದದ್ದು. ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿತ್ತು. ತೂಕ ಮನೆಯವರಿಗೆಲ್ಲ ಗೊತ್ತು. ಅಲಿ ಕುಂಞಿ ಅದನ್ನು ತಟ್ಟೆಯಲ್ಲಿಟ್ಟು ತೂಗಿ ತೋರಿಸಿದ. ಅವಳು ಮುಳ್ಳು ನೋಡಿ ತಲೆ ಆಡಿಸಿದಳು. ಆಮೇಲೆ ಮೆಣಸು ತಟ್ಟೆಗೆ ಬಂತು.

ಪ್ರತಿ ಸಲವೂ ಹೀಗೆಯೇ ಮಾಡುತ್ತೀರಾ ಎಂದು ಮಹಾಲಿಂಗ ವಿಚಾರಿಸಿದ. ಮಾಡದೆ ಮತ್ತೆಂತ ಎಂದ ಅಲಿ ಕುಂಞಿ. ಒಂದು ತಕ್ಕಡಿ ಜಾಲ್ಸೂರಿನದು, ಒಂದು ಕಾಸರಗೋಡಿನದು; ಒಂದರ ಹಗ್ಗ ಎಳೆದಿರುತ್ತದೆ, ಒಂದರ ತಟ್ಟೆ ನಗ್ಗಿರುತ್ತದೆ. ಈಗ ರಾತಲು ಹೋಗಿ ಕಿಲೋ ಬಂದು ಇನ್ನೂ ಗಲಿಬಿಲಿ. ಎಲ್ಲ ಮನೆಯಲ್ಲೂ ಒಂದು ಕಲ್ಲು ಇರುತ್ತದೆ, ಮೊದಲು ಅದು.

"ನಿಮ್ಮ ಮೇಲೆ ಸಂಶಯ ಅಂತ ಬೇಸರ ಆಗುದಿಲ್ವಾ?"

"ಬೇಸರ ಎಂತಕ್ಕೆ? ಕಲ್ಲು ಇಟ್ಟ ಮೇಲೆ ನನ್ನ ಬಾಯಿಗೆ ಕೆಲಸ ಇಲ್ಲ, ಅವರ ಬಾಯಿಗೂ ಕೆಲಸ ಇಲ್ಲ." ಅಲಿ ಕುಂಞಿಯ ಕಣ್ಣು ಮಹಾಲಿಂಗನ ಕೈಯಲ್ಲಿದ್ದ ರಟ್ಟಿನ ಮೇಲೆ ಬಿತ್ತು. "ನೀವು ಭಟ್ರು ಕಾಗದದಲ್ಲಿ ತೂಗುದಾ? ಅದಕ್ಕೆ ಕಲ್ಲು ಉಂಟಾ?"

ಎಲ್ಲರೂ ನಕ್ಕರು. ಮಹಾಲಿಂಗ ಮಾತ್ರ ನಗಲಿಲ್ಲ. ಚೀಲದಿಂದ ಗೌಡರ ಹಾಳೆ ತೆಗೆದು, ಮೊದಲ ಸಲ ಅದರ ಹಿಂಬದಿ ತಿರುಗಿಸಿದ.

ಪೆನ್ಸಿಲಿನ ಅಕ್ಷರ ಚಿಕ್ಕದು, ದುಂಡಗೆ. ಒಬ್ಬ ಮನುಷ್ಯ: ಹಸಿವು ಗೊತ್ತಿಲ್ಲ, ಮೈಯಲ್ಲಿ ರೋಗ ಇಲ್ಲ, ಮಕ್ಕಳು ಬದುಕಿದ್ದಾರೆ, ಮಲಗಿದ ಕೂಡಲೇ ನಿದ್ದೆ ಬರುತ್ತದೆ. ಇವನು ಯಾವ ಮೆಟ್ಟಿಲಲ್ಲಿ? ಗೌಡರ ಉತ್ತರ, ಒಂದು. ಇನ್ನೊಬ್ಬ ಮನುಷ್ಯ: ದಿನ ಬಿಟ್ಟು ದಿನ ಉಪವಾಸ, ಎದೆನೋವು, ಒಂದು ಮಗು ತೀರಿಹೋಗಿದೆ, ನಿದ್ದೆ ಇಲ್ಲ. ಇವನು? ಗೌಡರ ಉತ್ತರ, ಹತ್ತು. ಅದರ ಕೆಳಗೆ ಒಂದೇ ಸಾಲು: 'ಇವರ ಏಣಿ ತಲೆಕೆಳಗೆ ಇದೆ. ಸುಖ ಬುಡದಲ್ಲಿ.'

ಶೀನಪ್ಪನ ಹಾಳೆ ತಿರುಗಿಸಿದ. ಮೊದಲನೆಯವನು ಎರಡು, ಎರಡನೆಯವನು ಹತ್ತು. ತಾನು ಒಂಬತ್ತು. ಉಪವಾಸದವನಿಗಿಂತ ಒಂದೇ ಮೆಟ್ಟಿಲು ಈಚೆಗೆ ಎಂಬ ಆ ಒಂಬತ್ತರ ಅರ್ಥ ಮಹಾಲಿಂಗನಿಗೆ ಈಗ ಗೊತ್ತಾಯಿತು. ಒಳ್ಳೆಮೆಣಸಿನ ಅಂಗಳದಲ್ಲಿ ನಗುತ್ತ ನಿಂತಿದ್ದ ಶೀನಪ್ಪನ ಮುಖವನ್ನು ಅವನಿಗೆ ಮತ್ತೆ ನೋಡಲಾಗಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಅವನು ಪ್ರೇಮಾವತಿಯ ಮನೆ ತಲುಪಿದ. ಅವಳ ತಂದೆ ಬೋಜಪ್ಪ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಬನ್ನಿ ಕೂರಿ ಎಂದು ಮತ್ತೆ ಹಗ್ಗಕ್ಕೆ ಕೈ ಹಾಕಿದರು. ಕಾಗದದಲ್ಲಿ ಇದ್ದದ್ದನ್ನು ಮಗಳು ಮಧ್ಯಾಹ್ನವೇ ಹೇಳಿದ್ದಳಂತೆ. ಮುಚ್ಚಿಟ್ಟಿದ್ದರೆ ನಾಳೆ ಪೇಟೆಯಲ್ಲಿ ಬೇರೆಯವರ ಬಾಯಿಂದ ಕೇಳಬೇಕಾಗುತ್ತಿತ್ತು.

ಮಹಾಲಿಂಗ ಚೀಲದಲ್ಲಿದ್ದ ಹಾಳೆಗಳನ್ನೆಲ್ಲ ಜಗಲಿಯ ಮೇಲೆ ಹಿಂಬದಿ ಮೇಲಾಗಿ ಹರಡಿದ. ಒಂದೊಂದಾಗಿ ಓದುತ್ತ ಹೋದ. ಪ್ರೇಮಾವತಿ ಕಂಬಕ್ಕೆ ಒರಗಿ ನಿಂತಿದ್ದಳು. ಇನ್ನೂರು ಮನೆಯಲ್ಲೂ ಅದೇ ಇಬ್ಬರು ಮನುಷ್ಯರ ಬಗ್ಗೆ ಕೇಳಿಯೇ ಅವಳು ಎದ್ದಿದ್ದಳು. ಸುಳ್ಯ ಪೇಟೆಯವರು, ಮಾಸ್ತರರು, ಅಂಗಡಿಯವರು ಸುಖದವನನ್ನು ತುದಿಯಲ್ಲಿ ಇಟ್ಟಿದ್ದರು. ಮೆಣಸಿನ ತೋಟವಿದ್ದ ನೂರಮೂವತ್ತು ಮನೆಗಳಲ್ಲಿ ಅವನು ಬುಡದಲ್ಲಿದ್ದ. ಮತ್ತೂ ಒಂದು ಸಂಗತಿ ಇತ್ತು. ತುದಿ ಒಳ್ಳೆಯದು ಎಂದವರಲ್ಲೂ ಒಬ್ಬೊಬ್ಬರ ಕೈ ಒಂದೊಂದು ರೀತಿ. ಬಂದವರ ಎದುರು ನನಗೆ ಸುಖ ಎಂದು ಹೇಳಿಕೊಂಡರೆ ದೃಷ್ಟಿಯಾದೀತೆಂದು ತಮ್ಮನ್ನು ಕೆಳಗಿಳಿಸುವವರು ಕೆಲವರು; ಮರ್ಯಾದೆಗೆ ಕಡಿಮೆ ಎಂದು ಏರಿಸುವವರು ಕೆಲವರು. ಆದರೆ ಆ ಇಬ್ಬರು ಮನುಷ್ಯರ ನಡುವೆ ತಮ್ಮನ್ನು ಎಲ್ಲಿ ಇಟ್ಟುಕೊಂಡರು ಎಂದು ನೋಡಿದರೆ, ನಿಜವಾದ ಜಾಗ ಕಾಣುತ್ತಿತ್ತು.

ಇವರಿಗೆ ಹೆಸರು ಯಾಕೆ ಇಡಲಿಲ್ಲ ಎಂದು ಕೇಳಿದ.

"ಹೆಸರು ಇಟ್ಟರೆ ಜಾತಿ ಬರ್ತದೆ. ಮತ್ತೆ ಉತ್ತರ ಜಾತಿಗೆ ಹೋಗ್ತದೆ, ಮನುಷ್ಯನಿಗಲ್ಲ."

"ಮನೆ, ತೋಟ ಅಂತ ಎಂತದೂ ಇಲ್ಲ ಇದರಲ್ಲಿ."

"ಮೊದಲು ಮುಳಿಹುಲ್ಲಿನ ಮಾಡು ಅಂತ ಬರೆದಿದ್ದೆ. ಆಮೇಲೆ ತೆಗೆದೆ. ನಮ್ಮಲ್ಲಿ ಮುಳಿಹುಲ್ಲಿನ ಮನೆ ಅಂದ್ರೆ ಬಡವ ಅಂತ ಇಲ್ಲ. ಉಳಿದ ನಾಲ್ಕು ದೇಶದಲ್ಲಿ ಹೇಗೆ ಉಂಟೋ ನನಗೆ ಗೊತ್ತಿಲ್ಲ. ಕಲ್ಲು ಎಲ್ಲ ಮನೆಯಲ್ಲೂ ಅಷ್ಟೇ ತೂಗಬೇಕಲ್ಲ. ಬೆಲ್ಲದ ಉಂಡೆ ಇಟ್ಟರೆ ಮಳೆಗಾಲದಲ್ಲಿ ಕರಗಿ ಹೋಗ್ತದೆ." ಬಗ್ಗಿ ಒಂದು ಹಾಳೆಯ ಮೇಲೆ ಬೆರಳಿಟ್ಟಳು. "ಹಸಿವು ಕರಗುದಿಲ್ಲ. ಮಗು ಹೋದದ್ದೂ ಕರಗುದಿಲ್ಲ."

ಐದು ದೇಶಗಳ ಪಂಡಿತರು ಏಣಿಗೆ ಎಷ್ಟು ಮೆಟ್ಟಿಲಿರಬೇಕು, ಏಳೋ ಹತ್ತೋ ಎಂದು ಒಂದು ವರ್ಷ ಚರ್ಚಿಸಿದ್ದರೆಂದು ಮಹಾಲಿಂಗನಿಗೆ ಗೊತ್ತಿತ್ತು. ಆ ಏಣಿಯನ್ನು ಎಲ್ಲ ಕಡೆಯೂ ಒಂದೇ ನೆಲದ ಮೇಲೆ ನಿಲ್ಲಿಸುವುದು ಹೇಗೆಂದು ಯೋಚಿಸಿದ್ದು ಈ ಜಗಲಿಯಲ್ಲಿ, ಮನೆಮನೆಗೆಂದು ದಿನಕ್ಕೆ ಹತ್ತು ಮೈಲು ನಡೆದು ಬರುತ್ತಿದ್ದವಳೊಬ್ಬಳು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿಯೇಬಿಟ್ಟ. ಪ್ರೇಮಾವತಿ ಒಳಗೆ ಹೋಗಿ ಒಂದು ಪೋಸ್ಟ್‌ಕಾರ್ಡು ತಂದು ಅವನ ಮುಂದೆ ಇಟ್ಟಳು. ಅವನದೇ ಅಕ್ಷರ, ಅಕ್ಟೋಬರಿನದು. 'ನಿಮ್ಮ ಪತ್ರ ತಲುಪಿತು. ಪ್ರಶ್ನಾವಳಿಯಲ್ಲಿ ಇಲ್ಲದ್ದನ್ನು ಕೇಳಬೇಡಿ. ಕೊಟ್ಟದ್ದನ್ನು ಮಾತ್ರ ಕೇಳಿದರೆ ಸಾಕು.' ಅವಳು ಏಣಿಯ ಬಗ್ಗೆ ಬರೆದಿದ್ದ ಪತ್ರವನ್ನು ಅವನು ಪೂರ್ತಿ ಓದಿರಲೂ ಇಲ್ಲ. ಈಗ ನೆನಪಾಯಿತು.

"ಕೊಟ್ಟದ್ದು ಮುಗಿದ ಮೇಲೆಯೇ ಕೇಳಿದ್ದು," ಎಂದಳು. "ಅದು ನನ್ನ ಹೊತ್ತಿನಲ್ಲಿ."

ಆ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಇದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

ಕೊನೆಗೆ ಒಂದು ಹಾಳೆ ಉಳಿಯಿತು. ಮದರಾಸಿನವರು ಅದರ ಮೇಲೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ಅಪೂರ್ಣ' ಎಂದು ಬರೆದಿದ್ದರು. ಕುಮುದಿನಿ, ವಯಸ್ಸು ಇಪ್ಪತ್ತಮೂರು, ಗಂಡ ತೀರಿಕೊಂಡು ಏಳು ತಿಂಗಳು. ಹಿಂಬದಿಯಲ್ಲಿ ಇಬ್ಬರು ಮನುಷ್ಯರಿಗೂ ಅವಳು ತೂಗಿ ನೋಡಿ ಜಾಗ ಕೊಟ್ಟಿದ್ದಳು. ಒಬ್ಬನಿಗೆ ಒಂಬತ್ತು, ಒಬ್ಬನಿಗೆ ಎರಡು. ತನ್ನದಕ್ಕೆ ಸಂಖ್ಯೆ ಇಲ್ಲ. ಅವಳಂದ ಮಾತನ್ನು ಪ್ರೇಮಾವತಿ ಹಾಗೆಯೇ ಬರೆದಿದ್ದಳು: 'ನನ್ನ ಏಣಿ ನೆಲದಲ್ಲಿ ಮಲಗಿಸಿ ಉಂಟು.'

ಶ್ಯಾಮನಾಗಿದ್ದರೆ ಒಂದು ಎಂದು ಬರೆದು ಎದ್ದು ಬರುತ್ತಿದ್ದ. ತಾನಾಗಿದ್ದರೂ ಅಷ್ಟೇ ಎಂದು ಮಹಾಲಿಂಗನಿಗೆ ಅನಿಸಿತು. ಮಲಗಿಸಿದ ಏಣಿಯಲ್ಲಿ ಒಂದೂ ಇಲ್ಲ, ಹತ್ತೂ ಇಲ್ಲ. ಅದನ್ನು ಖಾಲಿ ಬಿಡಲು ಬೇಕಾದ ಧೈರ್ಯ ಅವನಿಗೆ ಯಾವ ತರಗತಿಯಲ್ಲೂ ಯಾರೂ ಕಲಿಸಿರಲಿಲ್ಲ.

ಪುತ್ತೂರಿಗೆ ಹಿಂದೆ ಬಂದು ಮದರಾಸಿಗೆ ಬರೆಯಲು ಕೂತ. ಮೊದಲ ಪ್ರತಿಯಲ್ಲಿ ಅನುವಾದದ ಕೆಲವು ತೊಡಕುಗಳಿಂದಾಗಿ ಎಂದು ಬರೆದ. ಓದಿ ನೋಡಿದ. ಸುಳ್ಳಲ್ಲ, ಆದರೆ ಅದರಲ್ಲಿ ಯಾರೂ ಇರಲಿಲ್ಲ. ಹರಿದು ಹಾಕಿದ. ಎರಡನೆಯ ಪ್ರತಿಯಲ್ಲಿ, ಮೂಲದ ಎರಡು ಸಾಲುಗಳನ್ನು ಅನಗತ್ಯವೆಂದು ತೆಗೆದವನು ತಾನು, ಸಮೀಕ್ಷಕಿ ಪ್ರೇಮಾವತಿ ಎಚ್ಚರಿಸಿ ಬರೆದ ಪತ್ರವನ್ನು ಕಡೆಗಣಿಸಿದವನೂ ತಾನು ಎಂದು ಬರೆದ. ಅವಳ ಇಬ್ಬರು ಮನುಷ್ಯರನ್ನು ಇಂಗ್ಲಿಷಿಗೆ ತಂದ. ಯಾವ ಪದವನ್ನೂ ಬಿಡಲಿಲ್ಲ, ಯಾವುದನ್ನೂ ಸೇರಿಸಲಿಲ್ಲ. ಅಲಿ ಕುಂಞಿಯ ತಕ್ಕಡಿಯ ವಿಷಯವನ್ನೂ ಒಂದು ಪುಟದಲ್ಲಿ ವಿವರಿಸಿದ. ಇನ್ನೂರು ಹಾಳೆಗಳ ಹಿಂಬದಿಯನ್ನು ಕೈಯಲ್ಲೇ ನಕಲು ಮಾಡಿ ಮುಗಿಸುವಾಗ ಎಂಟು ದಿನ ಆಯಿತು. ಕಟ್ಟನ್ನು ಅಂಚೆಗೆ ಹಾಕಿದ ದಿನ ತನ್ನ ಕೆಲಸ ಹೋದ ಹಾಗೆಯೇ ಎಂದುಕೊಂಡ. ಹೆಚ್ಚು ಬೇಸರ ಆಗಲಿಲ್ಲ.

ಉತ್ತರಕ್ಕೆ ಮಾರ್ಚ್ ಮುಗಿಯುತ್ತ ಬಂತು. ಅಷ್ಟರೊಳಗೆ ಸುದ್ದಿ ಬೆಳೆದಿತ್ತು. ಬೋಜಪ್ಪನ ಮಗಳು ಮನೆಯಲ್ಲಿ ಕೂತು ಸುಳ್ಳು ಲೆಕ್ಕ ಬರೆದು ಸಿಕ್ಕಿಬಿದ್ದಳಂತೆ ಎಂದು ಸುಳ್ಯದ ಹೋಟೆಲಿನಲ್ಲಿ ಮಾತು. ಬೋಜಪ್ಪ ಸಂತೆಗೆ ಹೋಗುವುದು ನಿಲ್ಲಿಸಿದರು. ಶಾಲೆಯವರು ಜೂನಿನ ಮಾತು ಎತ್ತಲಿಲ್ಲ. ಪ್ರೇಮಾವತಿ ಮಾತ್ರ ಬಾಕಿ ಇದ್ದ ಮನೆಗಳಿಗೆ ಮೊದಲಿನಂತೆಯೇ ಹೋಗಿ ಬರುತ್ತಿದ್ದಳೆಂದು ಕಂಡಕ್ಟರ್ ಹೇಳುತ್ತಿದ್ದ.

ಕಾಗದ ಬಂದ ದಿನವೇ ಮಹಾಲಿಂಗ ಮಧ್ಯಾಹ್ನದ ಬಸ್ಸು ಹಿಡಿದು ಹೋದ. ಬೋಜಪ್ಪ ಅದೇ ಜಗಲಿಯಲ್ಲಿ ಕೂತಿದ್ದರು. ಅವರಿಗೆ ಇಂಗ್ಲಿಷು ಬಾರದು. ಎಂತ ಉಂಟು ಅದರಲ್ಲಿ ಎಂದು ಕೇಳಿದರು. ಪ್ರೇಮಾವತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಮಹಾಲಿಂಗ ಕಾಗದ ಬಿಡಿಸಿ, ನೋಡುತ್ತ ನೋಡುತ್ತ ಕನ್ನಡದಲ್ಲಿ ಹೇಳಿದ.

"ಜಾಲ್ಸೂರು, ಸುಳ್ಯ ಭಾಗದ ಇನ್ನೂರು ಹಾಳೆಗಳನ್ನು ಸ್ವೀಕರಿಸಿದ್ದೇವೆ. ಆ ಭಾಗದ ಸಮೀಕ್ಷಕಿ ಪ್ರೇಮಾವತಿಯವರ ಕೆಲಸ ಅಕ್ಷರಶಃ ಸರಿಯಾಗಿದೆ ಎಂದು ಕಂಡುಬಂದಿದೆ. ಪ್ರೇಮಾವತಿಯವರ ಮೇಲಿನ ಸಂದೇಹವನ್ನು ಹಿಂತೆಗೆದುಕೊಂಡಿದ್ದೇವೆ..."

"ತೋರಿಸಿ," ಎಂದಳು ಪ್ರೇಮಾವತಿ.

ಅವನು ಕೊಡಬೇಕಾಯಿತು. ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.

"ನನ್ನ ಹೆಸರು ಇಲ್ಲ ಇದರಲ್ಲಿ."

"ನಿಮ್ಮದೇ ಅಲ್ವಾ ಟೀಚರೇ ಅದು? ಅವರು ಬರೆಯಬೇಕಿತ್ತು. ಬರೆಯಲಿಲ್ಲ."

"ಬರೆಯಲಿಲ್ಲ ಅಲ್ವಾ? ಇದ್ದ ಹಾಗೆ ಓದಿ ಭಟ್ರೇ. ಅಪ್ಪ ಕೇಳ್ತಾ ಇದ್ದಾರೆ."

ಮಹಾಲಿಂಗ ಕಾಗದ ಹಿಂದೆ ತೆಗೆದುಕೊಂಡ. ಮೊದಲಿನಿಂದ ಓದಿದ. ಆ ಭಾಗದ ಸಮೀಕ್ಷಕರ ಕೆಲಸ ಅಕ್ಷರಶಃ ಸರಿಯಾಗಿದೆ ಎಂದು ಕಂಡುಬಂದಿದೆ. ಅವರ ಮೇಲಿನ ಸಂದೇಹವನ್ನು ಹಿಂತೆಗೆದುಕೊಂಡಿದ್ದೇವೆ. ಎರಡನೆಯ ಸುತ್ತಿನಲ್ಲಿ, ಐದು ದೇಶಗಳಲ್ಲಿಯೂ, ಜನರನ್ನು ಅವರ ಬಗ್ಗೆ ಕೇಳುವ ಮೊದಲು ಇಬ್ಬರು ಹೆಸರಿಲ್ಲದ ಮನುಷ್ಯರ ಬಗ್ಗೆ ಕೇಳುವುದೆಂದು ತೀರ್ಮಾನವಾಗಿದೆ. ಈ ಕ್ರಮವನ್ನು ಸೂಚಿಸಿದವರು ಆ ಸಮೀಕ್ಷಕರು. ಮೇಲ್ವಿಚಾರಕರು ಇನ್ನು ಮುಂದೆ ಮೂಲದ ಯಾವ ಸಾಲನ್ನೂ ತೆಗೆಯತಕ್ಕದ್ದಲ್ಲ.

ಕೊನೆಯ ಸಾಲನ್ನೂ ಅವನು ಇದ್ದ ಹಾಗೆಯೇ ಓದಿದ.

ಬೋಜಪ್ಪ ಹೊಸೆಯುತ್ತಿದ್ದ ಹಗ್ಗವನ್ನು ತೊಡೆಯ ಮೇಲೆ ಬಿಟ್ಟರು. ಆಮೇಲೆ ಕೇಳಿದರು, ಆ ಸಮೀಕ್ಷಕರು ಅಂತ ಹೇಳಿದ್ದು ಯಾರನ್ನು ಎಂದು.

"ನಾನೇ, ಅಪ್ಪ," ಎಂದಳು ಪ್ರೇಮಾವತಿ.

ಬೋಜಪ್ಪ ತಲೆ ಆಡಿಸಿದರು. ಎದ್ದು, ಗೋಡೆಯ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡರು. ಬಸ್ಸಿಗೆ ಇನ್ನೂ ಹೊತ್ತುಂಟಲ್ಲ ಭಟ್ರೇ, ಆ ಕಾಗದ ಹಿಡಿದುಕೊಂಡು ನನ್ನೊಟ್ಟಿಗೆ ಸುಳ್ಯದ ಹೋಟೆಲಿನವರೆಗೆ ಬನ್ನಿ ಎಂದರು.